ಕೆಂಪು ಕಾಣದವನು ನೋಡಿದ ಕಬ್ಬು

ಸೆಪ್ಟೆಂಬರ್ 21, ರಬಕವಿ

ನನಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಪಿಯುಸಿ ಲ್ಯಾಬಿನಲ್ಲಿ ದ್ರಾವಣ ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕಿತ್ತು. ಸುರಿಯುತ್ತಲೇ ಇದ್ದೆ. ಎಲ್ಲರೂ ನಕ್ಕರು. ಆಮೇಲೆ ಕಾಲೇಜಿಗೆ ಹೋಗಲಿಲ್ಲ. ಕಾಕಾನ ಮಗ್ಗದಲ್ಲಿ ಕೆಂಪು ಸೆರಗಿಗೆ ಹಸಿರು ನೂಲಿನ ಕಂಡಿಕೆ ಹಾಕಿದೆ. "ಲಕ್ಷ್ಯ ಎಲ್ಲಿ ಇರ್ತೈತಲೇ ವೀರೇಶಾ ನಿಂದು?" ಎಂದ. ಲಕ್ಷ್ಯ ಇಲ್ಲದವನು ಎನ್ನಿಸಿಕೊಳ್ಳುವುದೇ ಸುಲಭ.

ಈಗ ತೇರದಾಳದ ತ್ರಿಶಲಾ ಮೇಡಂ ಹತ್ತಿರ ಕೆಲಸ. ಕಬ್ಬಿನ ರೋಗದ ಸರ್ವೆ. ಡ್ರೋನಿಗೆ ಕಟ್ಟಿದ ಕ್ಯಾಮೆರಾ ಬೆಳಕನ್ನು ನೂರಾರು ಬಣ್ಣಗಳಾಗಿ ಬಿಡಿಸುತ್ತದಂತೆ. ಇಂಥದೇ ಕ್ಯಾಮೆರಾದಿಂದ ದೊಡ್ಡ ಆಸ್ಪತ್ರೆಗಳಲ್ಲಿ ಶುಗರ್ ಇದ್ದವರ ಕಾಲಿನ ಗಾಯ ಮಾಯುತ್ತದೋ ಇಲ್ಲವೋ ನೋಡುತ್ತಾರಂತೆ. ಮೇಲಿನಿಂದ ಕಂಡದ್ದು ಖರೆಯೋ ಎಂದು ಕೆಳಗೆ ಒಬ್ಬ ನೋಡಬೇಕು. ಅವನು ನಾನು. ಕಬ್ಬು ಸೀಳುವುದು — ಒಳಗೆ ಕೆಂಪಿದ್ದರೆ ರೋಗ, ಹುಳಿ ವಾಸನೆಯೂ ಇರುತ್ತದಂತೆ; ಇಲ್ಲದಿದ್ದರೆ ಛಲೋ.

ಕೆಂಪು ನೋಡುವ ಕೆಲಸ. ಗೊತ್ತಿದ್ದೂ ಒಪ್ಪಿಕೊಂಡೆ.

ಅಕ್ಟೋಬರ್ 4

ಜಮಖಂಡಿ ರಸ್ತೆಯ ಗಿರಿಮಲ್ಲಪ್ಪನವರ ಹೊಲ. ಸೀಳಿದೆ. ಎಲ್ಲ ಒಂದೇ ಮಣ್ಣು ಬಣ್ಣ. ಸರ್ವೆಗೆ ಕೊಟ್ಟ ಫೋನಿನಲ್ಲಿ 'ಛಲೋ' ಒತ್ತಿದೆ.

ಹುಳಿ ವಾಸನೆ ಬಂತು. ಹೆಂಡ ಚೆಲ್ಲಿದ ಹಾಗೆ...

ಅಕ್ಟೋಬರ್ 9

ಮೇಡಂ ಕರೆದರು. "ವೀರೇಶ, ಗಿರಿಮಲ್ಲಪ್ಪನವರ ಹೊಲ ಕ್ಯಾಮೆರಾದಾಗ ರೋಗ ಅಂತ ತೋರಸಾಕತ್ತೈತಿ. ನೀ ಸೀಳಿ ನೋಡೀಯಲ್ಲ?"

"ನೋಡೇನ್ರಿ."

"ಖರೆ?"

"ಹೂಂರಿ."

"ಹಂಗಾದ್ರ ಕ್ಯಾಮೆರಾದ್ದ ತಪ್ಪು. ಹೊಲದಾಗ ನಿಂತಾಂವನ ಮಾತು ದೊಡ್ಡದು."

ಕಂಪ್ಯೂಟರಿಗೆ ನನ್ನ ಉತ್ತರವನ್ನೇ ಕಲಿಸಿದರು. ಪಕ್ಕದಲ್ಲೇ ನಿಂತು ನೋಡಿದೆ.

ಚಿಮ್ಮಡದಲ್ಲಿ ಹೊಲ ಮಾಡುವ ಅನಸವ್ವ ನಾಟಿ ಬೀಜಕ್ಕೆ ಆ ಹೊಲದ ಕಬ್ಬನ್ನೇ ಒಯ್ಯುತ್ತಾಳಂತೆ. ಸರ್ವೆಯಲ್ಲಿ ಛಲೋ ಎಂದು ಬಂದದ್ದಕ್ಕೇ.

ಅಕ್ಟೋಬರ್ 10

ಹೇಳಬೇಕು.

ಅಕ್ಟೋಬರ್ 18

ಇಂದು ಹೇಳಿದೆ. ಮೇಡಂ ಅದೇ ಹೊಲಕ್ಕೆ ಕರೆದೊಯ್ದು ಒಂದು ಕಬ್ಬು ಸೀಳಿ ನನ್ನೆದುರು ಹಿಡಿದರು. "ಇಷ್ಟ ಕೆಂಪ ಐತಿ. ಕಾಣಸೂದಿಲ್ಲೇನು?"

"ಇಲ್ರಿ."

"ಹೋಗ್ಲಿ, ಕಣ್ಣಿಂದು ನಿನ್ನ ತಪ್ಪಲ್ಲ—"

"ವಾಸನಿ ಬಂದಿತ್ರಿ," ಎಂದೆ. "ಅವತ್ತ ಬಂದಿತ್ತು. ರೋಗ ಅಂತ ಒತ್ತಿದ್ರ ಕೆಂಪ ಎಲ್ಲೈತಿ ತೋರಸು ಅಂತೀರಿ ಅಂತ ಅಂಜಿ..."

ಮೇಡಂ ಕಬ್ಬು ಕೆಳಗಿಟ್ಟರು. ಫೋನ್ ತಿರುಗಿ ಕೊಡು ಎಂದರು. ಕೊಟ್ಟೆ.

ಚಿಮ್ಮಡಕ್ಕೆ ಒಬ್ಬನೇ ಹೋದೆ. ಅನಸವ್ವ ಅರ್ಧ ಹೊಲ ನೆಟ್ಟಿದ್ದಳು. ಹತ್ತನೇ ತಾರೀಕಿಗೇ ಹೇಳಿದ್ದರೆ ಒಂದು ತುಂಡೂ ಮಣ್ಣಿಗೆ ಬೀಳುತ್ತಿರಲಿಲ್ಲ. ನಿಂತಲ್ಲೇ ಎಲ್ಲ ಕೇಳಿದಳು.

"ಕಣ್ಣು ಕಾಣಲಿಲ್ಲ, ಖರೆ. ಮೂಗೂ ಮುಚಗೊಂಡ ನಿಂತಿದ್ದೇನು?"

"ಹೂಂ," ಎಂದೆ.

"ನಮ್ಮ ಕಡೆ ಹುಡುಗ ಮಷಿನ್ ಹಿಡದಾನ ಅಂತ ಓಣಿ ತುಂಬ ಹೇಳಿದ್ನಪಾ ನಾ." ಕುಡುಗೋಲು ಬದುವಿಗೆ ಇಟ್ಟಳು. "ರೋಗ ಮಣ್ಣಿಗೆ ಇಳಿಯೂದ್ರಾಗ ಕಿತ್ತು ಸುಡಬೇಕು. ನಾಳೆ ಬಾ. ಬಣ್ಣ ನೋಡೂದೇನಿಲ್ಲ ಅದರಾಗ."

ರಾತ್ರಿ ಊಟಕ್ಕೆ ಕೂತಾಗ ಕಾಕಾನಿಗೂ ಹೇಳಿದೆ. ಕೈ ತಾಟಿನಲ್ಲೇ ನಿಂತಿತು. "ಹಂಗಾದ್ರ ಆ ಸೆರಗು..." ಎಂದ. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಚಿಮ್ಮಡಕ್ಕೆ ಹೊರಡುತ್ತೇನೆ.