ಬಚ್ಚಲ ಕಿಟಕಿಯ ಮೊಳೆ

ಸಿಟ್ಟು ಬಂದರೆ ದಿನಗಟ್ಟಲೆ ಮಾತು ಬಿಡುತ್ತಿದ್ದ ನನ್ನ ಅವ್ವನಿಗೆ,

ಈ ಸಲ ಸಿಟ್ಟು ನನ್ನದು. ನೀನು ಹೋದ ಮೇಲೆ ಅತ್ತಿದ್ದೇನೆ, ನಿನ್ನ ಕನಸು ಕಂಡು ಎದ್ದು ಕೂತಿದ್ದೇನೆ, ಆದರೆ ನಿನ್ನ ಮೇಲೆ ಸಿಟ್ಟು ಬಂದಿದ್ದು ಇದೇ ಮೊದಲು. ಯಾರ ಮುಂದೆ ತೀರಿಸಿಕೊಳ್ಳಲಿ? ನಿನ್ನ ಕೋಣೆಯಲ್ಲಿ ಈಗ ನನ್ನ ಹೊಲಿಗೆ ಯಂತ್ರ ಇದೆ. ಬಚ್ಚಲಿಗೆ ಅಂಟಿದ ಆ ಗೋಡೆ ಇಷ್ಟು ದಿನವೂ ಹಸಿ ಹಸಿಯಾಗೇ ಇತ್ತು. ಮೊನ್ನೆ ಬ್ಯಾಡಗಿಯವರೊಬ್ಬರ ಮದುವೆ ರವಿಕೆಗೆ ಬೂಷ್ಟು ಹತ್ತಿತು. ಅವರ ಬಾಯಿಗೆ ನಾನು ಸಿಕ್ಕೆ, ನಿನಗೇನು!

ಆ ಬಚ್ಚಲು ಕಟ್ಟಿಸುವಾಗಿನ ಜಗಳ ನೆನಪಿದೆಯಾ? ನಿನ್ನ ತಮ್ಮ ನಾಗಪ್ಪ ಮಾಮಾ ದಿನಾ ಕರ್ಜಗಿಯಿಂದ ಬೈಕಿನಲ್ಲಿ ರಾಣೆಬೆನ್ನೂರಿಗೆ ಬಂದು ಟೈಲ್ಸ್ ಕೂರಿಸುತ್ತಿದ್ದ. "ಅಕ್ಕಾ, ಶಾವರ್ ಬಾಯಿಗೆ ಕಿಟಕಿ ಇಡಬ್ಯಾಡ. ನೀರು ಸುಮ್ನ ಬಿಡೂದಿಲ್ಲ" ಎಂದು ಬಡಿದುಕೊಂಡ. ನೀನು ಕೇಳುವವಳೇ? "ಕತ್ತಲ ಬಚ್ಚಲದಾಗ ಜಳಕ ಮಾಡಿ ಮಾಡಿ ಸಾಕಾಗೇತಿ. ನನಗ ಬೆಳಕ ಬೇಕು. ನೀರು ತಡಿಯೂದು ನಿನ್ನ ಕೆಲಸ" ಎಂದೆ. ಪಾಪ, ಅವನು ಕಿಟಕಿಯ ಮೂಲೆ ಮೂಲೆಗೆ ಜಾಳಿ ಬಟ್ಟೆ ಒತ್ತಿ, ಅದರ ಮೇಲೆ ನೀರು ತಡೆಯುವ ಬಣ್ಣ ಬಳಿದು, ಒಣಗಿಸಿ, ಮತ್ತೆ ಬಳಿದ. ಕಿಟಕಿ ಕೆಳಗಿನ ಕಲ್ಲನ್ನು ಒಳಮುಖವಾಗಿ ಇಳಿಜಾರು ಮಾಡಿ ಕೂರಿಸಿದ, ಬಿದ್ದ ನೀರು ಬಚ್ಚಲಿಗೇ ಹರಿಯಲಿ ಎಂದು. ಕೆಲಸ ಮುಗಿದ ಮೇಲೆ ಪೈಪು ಹಿಡಿದು ಸಂಜೆಯ ತನಕ ನೀರು ಹೊಡೆದ. ನೀನು ಈ ಕಡೆ ಕೋಣೆಯಲ್ಲಿ ಗೋಡೆಗೆ ಕೆನ್ನೆ ಹಚ್ಚಿ ನಿಂತು, "ಒಣಾ ಐತೋ ತಮ್ಮಾ!" ಎಂದು ಕೂಗಿದ್ದೆ.

ಆಮೇಲೆ ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಹಳೆ ತಾಮ್ರದ ಹಂಡೆ ಅಟ್ಟ ಸೇರಿತ್ತು, ಗೋಡೆಯಲ್ಲಿ ಗೀಸರ್ ಕೂತಿತ್ತು. ಹಂಡೆಯ ಕೊರಳಿಗೆ ಸುತ್ತುವ ಮಾಲಿಂಗನ ಬಳ್ಳಿ ಕೈಯಲ್ಲಿ ಹಿಡಿದುಕೊಂಡು ನೀನು ಬಚ್ಚಲ ನಡುವೆ ನಿಂತದ್ದು ನನ್ನ ಕಣ್ಣಲ್ಲೇ ಇದೆ. "ಗೀಸರಿಗೆ ಸುತ್ತತೀಯೇನ ಬೇ?" ಎಂದು ನಕ್ಕಿದ್ದಕ್ಕೆ ಬೈಸಿಕೊಂಡೆ. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಬಳ್ಳಿ ಕಿಟಕಿಯ ಮೇಲೆ ತೋರಣದ ಹಾಗೆ ಇಳಿಬಿದ್ದಿತ್ತು. ಕೆಳಗಿನ ಕಲ್ಲಿನ ಮೇಲೆ ತುಂಬಿದ ತಂಬಿಗೆ, ಕುಂಕುಮ, ಚೆಂಡು ಹೂ. ಎಷ್ಟು ಚೆಂದ ಕಾಣುತ್ತಿತ್ತು! ಆ ಬಳ್ಳಿ ಯಾವುದಕ್ಕೆ ನೇತುಬಿದ್ದಿದೆ ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ನಿನ್ನ ಮಂಚದ ತಲೆದೆಸೆಗೆ ಗೋಡೆ ಉಬ್ಬಿತು. ಅಪ್ಪ ಮಾಮಾನನ್ನು ಕರೆಸಿ, ಓಣಿಯವರ ಮುಂದೆ, "ಸ್ವಂತ ಅಕ್ಕನ ಮನ್ಯಾಗ ಹಿಂಗ ಮಾಡಾಂವ ಮಂದಿ ಮನಿ ಏನ ಉಳಸ್ತಿ?" ಎಂದುಬಿಟ್ಟ. ಮಾಮಾ ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದವನು ಮತ್ತೆ ಹೊಸ್ತಿಲು ತುಳಿಯಲಿಲ್ಲ. ನಿನ್ನ ಮಣ್ಣಿಗೆ ಮಾತ್ರ ಬಂದ. ತವರಿನ ಸೀರೆ ನಿನ್ನ ಮೇಲೆ ಹೊದಿಸಿದ. ಒಂದು ಗುಟುಕು ನೀರೂ ಕುಡಿಯದೆ ಹೋದ. ನಿನಗೆ ಅದು ಗೊತ್ತಾಗಲಿಲ್ಲ, ಬಿಡು.

ಮೊನ್ನೆ ರವಿಕೆ ಕೆಟ್ಟ ಮೇಲೆ ನಾನೇ ಮಾಮಾನಿಗೆ ಫೋನು ಮಾಡಿ ಅತ್ತುಬಿಟ್ಟೆ. ಅಪ್ಪ ಬೀಜದ ಅಂಗಡಿಗೆ ಹೋದ ಹೊತ್ತು ನೋಡಿ ಮಾಮಾ ಬಂದ. ಕಿಟಕಿಯ ಮೇಲ್ಮೂಲೆಯ ಟೈಲ್ಸ್ ಸಂದಿಯಲ್ಲಿ ಏನೋ ಬೆಳ್ಳಗೆ ಮೆತ್ತಿತ್ತು. ಉಗುರಿನಿಂದ ಕೆರೆದು ಮೂಸಿದ. ಸಾಬೂನು! ಟೈಲ್ ಬಿಚ್ಚಿದರೆ ಒಳಗೆ ತಲೆ ಮುರಿದ ಮೊಳೆ, ತುಕ್ಕು ಹಿಡಿದು ಕೆಂಪಾಗಿ. ಅವನು ಬಳಿದ ಬಣ್ಣವನ್ನು ತೂತು ಮಾಡಿಕೊಂಡು ಹೋಗಿತ್ತು. ಅಲ್ಲಿ ಇಳಿದ ನೀರು ಟೈಲ್ಸ್ ಹಿಂದೆಯೇ ಜಾರಿ ನಿನ್ನ ಕೋಣೆ ಸೇರುತ್ತಿತ್ತು.

"ಬಳ್ಳಿ ಕಟ್ಟಾಕ ಹೊಡದಾಳ ಅಕ್ಕ," ಎಂದ ಮಾಮಾ. ನಗಬೇಕೋ ಅಳಬೇಕೋ ತಿಳಿಯದ ಮುಖ. "ನಿಮ್ಮಪ್ಪಗ ಹೇಳಬ್ಯಾಡ. ಸತ್ತಾಕಿ ಮ್ಯಾಲ ಮಾತು ಬರೂದು ಬ್ಯಾಡವಾ. ನಾಗಪ್ಪನ ಕೆಲಸಾನ ಸುಮಾರು ಅಂತ ಅನ್ನು. ಹೆಂಗೂ ರೂಢಿ ಆಗೇತಿ."

ಆಗ ಬಂತು ನೋಡು ನನಗೆ ಸಿಟ್ಟು. ಮೊಳೆ ಇರಲಿ, ತಿಳಿಯದೆ ಆಗುತ್ತದೆ. ಆದರೆ ಆ ಸಾಬೂನು? ತೂತು ಮುಚ್ಚಲು ಅದನ್ನು ಬೆರಳಿನಿಂದ ಒತ್ತುವಾಗ ಏನೆಂದುಕೊಂಡೆ? ಒಡಹುಟ್ಟಿದವನು ತಲೆ ತಗ್ಗಿಸಿ ಹೊರಟಾಗ ನೀನು ಬಾಗಿಲಲ್ಲೇ ನಿಂತಿದ್ದೆಯಲ್ಲ ಅವ್ವಾ... ಒಂದೇ ಒಂದು ಮಾತು...

ನನ್ನ ಬಾಯಿ ನಿನಗೆ ಗೊತ್ತಿದ್ದದ್ದೇ. ಸಂಜೆ ಅಪ್ಪ ಚಪ್ಪಲಿ ಬಿಡುವ ಮೊದಲೇ ಮೊಳೆಯನ್ನು ಮುಂದೆ ಹಿಡಿದೆ. "ನೋಡು, ಅವ್ವ ಹೊಡದಿದ್ದು. ಬೈಸಿಕೊಂಡಾಂವ ಮಾಮಾ!" ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತ.

"ಅಷ್ಟ ಎತ್ತರಕ್ಕ ನಿಮ್ಮವ್ವನ ಕೈ ಎಲ್ಲಿ ಮುಟ್ಟತಿತ್ತ ಸುಮಾ? ಸ್ಟೂಲ್ ಹತ್ತಿದ್ರ ತಲಿ ತಿರಗತಿತ್ತು ಆಕಿಗೆ. ನಾನ ಹೊಡದೆ. ಹಬ್ಬ ಮುಗದ ಮ್ಯಾಲ ಕೀಳಾಕ ಹೋದ್ರ ತಲಿ ಮುರೀತು. ತೂತು ಕಾಣಬಾರದಂತ ಸಾಬೂನ ಮೆತ್ತಿದೆ. ಮರತ ಬಿಟ್ಟಿದ್ದೆ, ಖರೇನ ಮರತ ಬಿಟ್ಟಿದ್ದೆ."

ನಿನಗಾದರೂ ನೆನಪಿತ್ತಾ ಅವ್ವಾ? ಗಂಡನ ಮಾತು ಓಣಿಯಲ್ಲಿ ಬೀಳಬಾರದೆಂದು ತಮ್ಮನನ್ನು ಬೀಳಲು ಬಿಟ್ಟೆಯಾ? ಅಥವಾ ಮೊಳೆಗೂ ನೀರಿಗೂ ಸಂಬಂಧವಿದೆ ಎಂದು ನಿನಗೂ ಹೊಳೆಯಲೇ ಇಲ್ಲವಾ? ಎರಡನೆಯದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ನಿನ್ನ ಮಂಚ ಇದ್ದ ಜಾಗದಲ್ಲೇ ಕೂತು ಕೇಳುತ್ತಿದ್ದೇನೆ.

ಈ ಹಬ್ಬಕ್ಕೆ ಹಂಡೆಯನ್ನು ಅಟ್ಟದಿಂದ ಇಳಿಸುತ್ತೇನೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಳ್ಳಿಯನ್ನು ಅದರ ಕೊರಳಿಗೇ ಕಟ್ಟುತ್ತೇನೆ. ಕಿಟಕಿಯ ತಂಟೆಗೆ ಹೋಗುವುದಿಲ್ಲ, ನಿನ್ನಾಣೆ.

ಇನ್ನೊಂದು ಸುದ್ದಿ. ಮೊಳೆ ತೋರಿಸಿದ ಮರುದಿನ ಬೆಳಗಾಗುತ್ತಲೇ ಅಪ್ಪ ಅಂಗಡಿ ತೆಗೆಯದೆ ಕರ್ಜಗಿಗೆ ಹೋದ. ಅಲ್ಲಿ ಏನು ಮಾತಾಯಿತೋ ದೇವರಿಗೇ ಗೊತ್ತು. ಮಾಮಾ ಬಂದು ಮತ್ತೆ ಬಣ್ಣ ಬಳಿದು, ಟೈಲ್ ಕೂರಿಸಿದ. ಇನ್ನೂ ಚಹಾ ಮುಟ್ಟಿಲ್ಲ, ಕೊಟ್ಟ ಲೋಟ ಹಾಗೇ ಆರಿ ಕೂತಿದೆ. ಇದನ್ನು ಬರೆಯುವಾಗ ಅವನು ಬಚ್ಚಲಲ್ಲಿ ಪೈಪು ಹಿಡಿದು ಕಿಟಕಿಗೆ ನೀರು ಹೊಡೆಯುತ್ತಿದ್ದಾನೆ. ಈ ಕಡೆ ನನ್ನ ಪಕ್ಕದಲ್ಲಿ ಅಪ್ಪ, ನೀನು ನಿಂತ ಹಾಗೆಯೇ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದಾನೆ. "ಒಣಾ ಐತೇನ್ರಿ?" ಎಂದು ಮಾಮಾ ಆಗಿನಿಂದ ಕೂಗಿ ಕೇಳುತ್ತಿದ್ದಾನೆ. ಗೋಡೆ ಒಣಗೇ ಇದೆ ಅವ್ವಾ, ಅಪ್ಪನ ಕೆನ್ನೆ ಒದ್ದೆಯಾಗಿದೆ.

ನಿನ್ನ
ಸುಮಾ