ಅವ್ವ ಕೂಗಿ ಹೇಳಿದ ಮಾತು

ಹಾವೇರಿ, ಗುರುವಾರ

ಅಪ್ಪಾ, ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ ಇದು, ತಪ್ಪಿದ್ದಲ್ಲಿ ಸರಿಮಾಡಿಕೊಂಡು ಓದು. ಫೋನಿನಲ್ಲಾದರೆ ಪಕ್ಕದಲ್ಲಿರುವ ಅವ್ವನಿಗೆ ಕೇಳಿಸುತ್ತದೆ, ಅದಕ್ಕೇ ಕಾರ್ಡು.

ಅವ್ವನನ್ನು ಮೊದಲು ತೋರಿಸಿದ್ದೆವಲ್ಲ, ರಾಣೇಬೆನ್ನೂರಿನಲ್ಲಿ ಸಮಾಲೋಚನೆ ಮಾಡುವ ಆ ಸರ್ ತಪ್ಪು ಯೋಚನೆ ತಿದ್ದುವವರು. “ಮಗಳು ನಿಮ್ಮಿಂದನ ಸತ್ತಳು ಅನ್ನಾಕ ಸಾಕ್ಷಿ ಏನೈತ್ರಿ?” ಎಂದರು. ಅವ್ವ ಇದು ಕೋರ್ಟೆಂದು ಹೆದರಿ ಬಾಯಿ ಮುಚ್ಚಿಕೊಂಡಳು. ಇಲ್ಲಿಯ ಮೇಡಂ ಏನೂ ತಿದ್ದುವುದಿಲ್ಲ, ನಾವು ಹೇಳಿದ್ದನ್ನೇ ಮೆಲ್ಲಗೆ ತಿರುಗಿ ಹೇಳುತ್ತಾರೆ. ಅವ್ವ ನನ್ನ ಕಡೆ ಬಾಗಿ, “ಪಾಪ, ಈಕಿಗೆ ಕಿವಿ ಕೇಳಂಗಿಲ್ಲ” ಎಂದಳು. ಆಮೇಲೆ ಕೂಗಿಯೇ ಹೇಳಿದಳು: “ಪುಷ್ಪಾ ಹೆರಿಗಿಗೆ ಕರಕೊಂಡ ಹೋಗವ್ವಾ ಅಂದ್ಲು. ನಾನ ಅಂದಿದ್ದು, ಇನ್ನೊಂದ ವಾರ ತಡಿ ಅಂತ!”

“ಇನ್ನೊಂದ ವಾರ ತಡಿ ಅಂದಿದ್ರಿ” ಎಂದರು ಮೇಡಂ.

ಆ ವಾರದೊಳಗೇ ಹೆರಿಗೆಯಲ್ಲಿ ಅಕ್ಕ ಹೋಗಿ ಏಳು ತಿಂಗಳಾಯಿತು. ಅವ್ವ ಅತ್ತದ್ದು ಇದೇ ಮೊದಲು.

ಅವಳಿಗೆ ಊಟ ಇನ್ನೂ ಸೇರುತ್ತಿಲ್ಲ. ಫೋನಿನಲ್ಲಿ “ನಿಂದೇನ ತಪ್ಪಿಲ್ಲ, ಬಿಡು” ಎನ್ನಬೇಡ ಅಪ್ಪಾ, ಸುಮ್ಮನೆ ಕೇಳು. ನಿನ್ನ ಬಿಪಿ ಗುಳಿಗೆ ತಪ್ಪಿಸಬೇಡ. ಮೇಡಂ ಕರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ.

ಒಂದು ಮರೆತೆ: ಇವತ್ತು ಬೆಳಿಗ್ಗೆ ಅವ್ವನ ತಲೆ ಬಾಚಿದೆ. ಬಾಚಣಿಗೆ ತುಂಬ ಕೂದಲು ಬಂತು. ಅವ್ವ ಈ ಸಲ ಬೇಡ ಎನ್ನಲಿಲ್ಲ.

ಮೈಲವ್ವ