ಅಪ್ಪನ ಬಿಳಿ ಫಿಯಟ್

ರಾಯಚೂರು

ವಿಬುಧಣ್ಣನಿಗೆ ನಮಸ್ಕಾರ.

ಅಪ್ಪ ಮಾರಿದ್ದ ನಮ್ಮ ಬಿಳಿ ಫಿಯಟ್ ಜಾಲಹಳ್ಳಿಯಲ್ಲಿ ಸಿಕ್ಕಿತು, ಕೊಂಡುಬಿಟ್ಟೆ. ದೇವದುರ್ಗದ ದಾರಿಯುದ್ದಕ್ಕೂ ನಾನೇ ಓಡಿಸಿಕೊಂಡು ಬಂದೆ! ನನ್ನ ಕಾಲೇಜಿನ ದಿನಗಳಲ್ಲಿ ಅದು ಬೆಳಗ್ಗೆ ಹೊರಡಲು ಹಟ ಹಿಡಿಯುತ್ತಿತ್ತು. ನೀನು ಒಳಗೆ ಕೂತು, "ನೀ ತಳ್ಳಿದ್ರ ಸಾಕು, ಸ್ಟೇರಿಂಗ್ ನಿನಗ್ಯಾಕ?" ಅನ್ನುತ್ತಿದ್ದೆ. ಹೊಗೆಗೆ ನನ್ನ ದಾವಣಿಯೆಲ್ಲ ಕಪ್ಪಾಗುತ್ತಿತ್ತು.

ಬುಧವಾರ ಸಂಜೆ ಮಾನ್ವಿಗೆ ಬಂದು ನಿಮ್ಮಲ್ಲೇ ಉಳಿಯುತ್ತೇನೆ. ಗುರುವಾರ ಬೆಳಗ್ಗೆ ಇಬ್ಬರೂ ಮಂತ್ರಾಲಯಕ್ಕೆ ಹೋಗೋಣ. ಚಕ್ರಕ್ಕಿಡಲು ನಿಂಬೆಹಣ್ಣು ತರಿಸಿಡು. ಮೆಕ್ಯಾನಿಕ್ ಜಹೀರ್ ಒಂದು ಎಚ್ಚರಿಕೆ ಕೊಟ್ಟಿದ್ದಾನೆ: "ಮುಂಜಾನಿ ಥಂಡಿಗೆ ಗಾಡಿ ಚಾಲೂ ಆಗಂಗಿಲ್ರಿ ಬಾಯಾರ, ಯಾರರ ತಳ್ಳಬೇಕು."

ಆದ್ದರಿಂದ ಮಡಿ ಧೋತರ ಚೀಲದಲ್ಲಿರಲಿ. ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಗಾಡಿಯ ಹಿಂದೆ ನಿಲ್ಲು.

ಸ್ಟೇರಿಂಗ್ ಹಿಡಿದಿರುವ ತಂಗಿ,
ಸತ್ಯಭಾಮಾ